ಶಿರಸಿಯ ಹಾರ್ಮೋನಿಯಂ ಅಂಗಡಿಯಲ್ಲಿ ಬ್ಲೂಸ್ ಮೌತ್ ಆರ್ಗನ್ ರಿಪೇರಿ

ಕರಾವಳಿಯಲ್ಲಿ ಕುಳಿತು ಅಮೆರಿಕದ ಕರಿಯರ ಸಂಗೀತವಾದ ಬ್ಲೂಸ್ ನುಡಿಸುವ ಹುಚ್ಚು ಹಿಡಿದವರು ಬೆರಳೆಣಿಕೆಯಷ್ಟು ಜನ. ಈ ಬರಹ ಅವರಿಗೆ. ನಿಮ್ಮ ಮೌತ್ ಆರ್ಗನ್ನಿನ ಸ್ವರ ಬಿದ್ದಿದ್ದರೆ ಅದನ್ನು ಎಸೆಯಬೇಡಿ, ಬೆಂಗಳೂರಿಗೂ ಕಳಿಸಬೇಡಿ. ಘಟ್ಟ ಹತ್ತಿ ಶಿರಸಿಗೆ ಹೋಗಿ. ಅಲ್ಲಿನ ಹಳೆಯ ಹಾರ್ಮೋನಿಯಂ ರಿಪೇರಿ ಅಂಗಡಿಯೊಂದರಲ್ಲಿ ನನಗೆ ಸಿಕ್ಕಂಥ ಕೆಲಸ ಬೇರೆಲ್ಲೂ ಸಿಕ್ಕಿಲ್ಲ. ಜೊತೆಗೆ ಒಂದು ಜಗಳಕ್ಕೂ ತಯಾರಾಗಿ ಹೋಗಬೇಕು. ಅದರ ವಿವರ ಮುಂದಿದೆ.

ಅಂಗಡಿಗೆ ಹೆಸರಿನ ಹಲಗೆ ಇಲ್ಲ. ಇದ್ದಿದ್ದರೂ ನಾನು ಇಲ್ಲಿ ಬರೆಯುತ್ತಿರಲಿಲ್ಲ. ‘ಈಗಿರುವ ಕೆಲಸವೇ ಮುಗಿಯುವುದಿಲ್ಲ, ಇನ್ನು ಜಾಹೀರಾತು ಬೇರೆ ಕೇಡು’ ಎಂಬುದು ಯಜಮಾನರ ಅಭಿಪ್ರಾಯ. ಪೇಟೆಯಲ್ಲಿ ಯಾವ ಭಜನಾ ಮಂಡಳಿಯವರನ್ನು ಕೇಳಿದರೂ ದಾರಿ ಹೇಳುತ್ತಾರೆ.

ನನ್ನದು ಸಿ ಶ್ರುತಿಯ ಮೌತ್ ಆರ್ಗನ್. ಹತ್ತು ರಂಧ್ರ, ಇಪ್ಪತ್ತು ಹಿತ್ತಾಳೆ ರೀಡ್ (ಗಾಳಿಗೆ ಕಂಪಿಸುವ ನಾಲಿಗೆ), ನಡುವೆ ಮರದ ಕೋಂಬ್, ಅಂದರೆ ಬಾಚಣಿಗೆಯಂಥ ಹಲ್ಲುಳ್ಳ ಚೌಕಟ್ಟು. ಹಿಂದಿ ಹಾಡುಗಳಿಗೆ ನಮ್ಮಲ್ಲಿ ಬಳಸುವ ಉದ್ದನೆಯ, ಎರಡು ಸಾಲಿನ ವಾದ್ಯ ಇದಲ್ಲ. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು. ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿ ಸಮುದ್ರ ಸೇರುವ ಕಡೆ ನನ್ನ ಮನೆ. ಇಲ್ಲಿಯ ಗಾಳಿಯಲ್ಲಿ ಕಿಟಕಿಯ ಸರಳೇ ಉಳಿಯುವುದಿಲ್ಲ. ಜೂನ್ ಬಂತೆಂದರೆ ಮರದ ಕೋಂಬ್ ತೇವ ಹೀರಿ ಉಬ್ಬುತ್ತದೆ, ಅದರ ಹಲ್ಲುಗಳು ಮುಂದಕ್ಕೆ ಚಾಚಿ ತುಟಿಯನ್ನು ಕೆರೆಯುತ್ತವೆ. ಮಳೆ ನಿಂತ ಮೇಲೆ ಮರ ಕುಗ್ಗಿ ಸಂದಿಯಲ್ಲಿ ಗಾಳಿ ಸೋರುತ್ತದೆ. ಇದರ ಮೇಲೆ ಬ್ಲೂಸ್ ನುಡಿಸುವವರ ಕೈವಾಡವೂ ಇದೆ. ಸ್ವರವನ್ನು ಎಳೆದು ಬಗ್ಗಿಸುತ್ತಲೇ ಇರುವುದರಿಂದ ನಾಲ್ಕನೆಯ ಮತ್ತು ಐದನೆಯ ರಂಧ್ರದ ರೀಡ್‌ಗಳು ಎಲ್ಲಕ್ಕಿಂತ ಮೊದಲು ದಣಿಯುತ್ತವೆ. ನನ್ನದರಲ್ಲಿ ನಾಲ್ಕನೆಯ ಎಳೆತದ ಸ್ವರ, ಅಂದರೆ ಆ ರಂಧ್ರದಲ್ಲಿ ಉಸಿರು ಒಳಗೆಳೆದಾಗ ಬರುವ ಸ್ವರ, ಕೇಳಲಾಗದಷ್ಟು ಕೆಳಗಿಳಿದಿತ್ತು.

ಬೆಂಗಳೂರಿನ ದೊಡ್ಡ ವಾದ್ಯದ ಅಂಗಡಿಯೊಂದರಲ್ಲಿ ಕೇಳಿದೆ. ಕೌಂಟರಿನಲ್ಲಿದ್ದ ಹುಡುಗ ವಾದ್ಯವನ್ನು ಮುಟ್ಟಿಯೂ ನೋಡದೆ, ‘ಇದನ್ನು ಯಾರೂ ರಿಪೇರಿ ಮಾಡುವುದಿಲ್ಲ ಸರ್, ಹೊಸದು ತೆಗೆದುಕೊಳ್ಳಿ’ ಎಂದ. ಹೊಸದಕ್ಕೆ ಸಾವಿರಗಟ್ಟಲೆ ಕೊಡಬೇಕು. ಒಂದು ರೀಡ್ ಕೆಟ್ಟಿದ್ದಕ್ಕೆ ಉಳಿದ ಹತ್ತೊಂಬತ್ತನ್ನು ಕಸದ ಬುಟ್ಟಿಗೆ ಹಾಕು ಎನ್ನುವ ಬುದ್ಧಿವಾದ ನನಗೆ ಒಗ್ಗಲಿಲ್ಲ.

ಹಾರ್ಮೋನಿಯಂ ಮತ್ತು ಮೌತ್ ಆರ್ಗನ್ ಒಂದೇ ಕುಲದವು. ಎರಡರಲ್ಲೂ ಹಿತ್ತಾಳೆಯ ನಾಲಿಗೆ, ಅದರ ಕೆಳಗೊಂದು ಸೀಳು, ಗಾಳಿ ಹಾಯ್ದಾಗ ಕಂಪನ. ಎರಡೂ ಯುರೋಪಿನಿಂದ ಹೊರಟು ಬೇರೆ ಬೇರೆ ಬಡವರ ಕೈ ಸೇರಿದವು. ಜರ್ಮನಿಯ ಟ್ರೋಸಿಂಗನ್ ಊರಿನಲ್ಲಿ ಮಥಿಯಾಸ್ ಹೋನರ್ 1857ರಲ್ಲಿ ಮೌತ್ ಆರ್ಗನ್ ತಯಾರಿಕೆ ಆರಂಭಿಸಿದ. ಆ ಕಂಪನಿಯ ಮರೀನ್ ಬ್ಯಾಂಡ್ ಎಂಬ ಹತ್ತು ರಂಧ್ರದ ಮಾದರಿ ಬಂದದ್ದು 1896ರಲ್ಲಿ. ಅವರು ಮಾಡಿದ್ದು ಜರ್ಮನರ ಜನಪದ ಹಾಡುಗಳಿಗೆ: ಊದಿದರೆ ಸಿ ಮೇಜರ್ ಸ್ವರಗುಚ್ಛ, ಬೇರೆ ತಾಪತ್ರಯವಿಲ್ಲ. ಗಿಟಾರಿಗಿಂತ ಅಗ್ಗ, ಕಿಸೆಯಲ್ಲಿ ಹಿಡಿಯುತ್ತದೆ ಎಂಬ ಕಾರಣಕ್ಕೆ ಅಮೆರಿಕದ ದಕ್ಷಿಣದ ಹತ್ತಿ ಹೊಲಗಳ ಕರಿಯ ಕೂಲಿಗಳು ಅದನ್ನು ಕೊಂಡರು. ಕೊಂಡವರು ಊದುವುದನ್ನು ಬಿಟ್ಟು ಹೀರತೊಡಗಿದರು. ಸಿ ಶ್ರುತಿಯ ವಾದ್ಯದಲ್ಲಿ ಜಿ ಹಿಡಿದು ನುಡಿಸಿದರು. ಹೀರುವಾಗ ಬಾಯಿಯ ಒಳಗಿನ ಆಕಾರ ಬದಲಿಸಿದರೆ ಸ್ವರ ಕೆಳಗೆ ಜಾರುತ್ತದೆ. ಬ್ಲೂಸ್‌ನ ಮೌತ್ ಆರ್ಗನ್ ವಿದ್ಯೆಯೆಲ್ಲ ಆ ಜಾರುವಿಕೆಯಲ್ಲಿದೆ.

ಆ ವಿದ್ಯೆಯಲ್ಲಿ ದೊಡ್ಡ ಹೆಸರು ಲಿಟ್ಲ್ ವಾಲ್ಟರ್. ಮೈಕನ್ನೂ ಮೌತ್ ಆರ್ಗನ್ನನ್ನೂ ಒಟ್ಟಿಗೆ ಅಂಗೈಯಲ್ಲಿ ಮುಚ್ಚಿ ಹಿಡಿದು, ಆಂಪ್ಲಿಫೈಯರನ್ನು ಒಡೆಯುವಷ್ಟು ಏರಿಸಿ, ಷಿಕಾಗೋದ ಗದ್ದಲದ ಬಾರುಗಳಲ್ಲಿ ಗಿಟಾರುಗಳನ್ನು ಮೀರಿಸಿ ನುಡಿಸಿದ. 1952ರಲ್ಲಿ ಆತನ ‘ಜೂಕ್’, ಮಾತೇ ಇಲ್ಲದ ವಾದನ, ಎಂಟು ವಾರ ಬಿಲ್‌ಬೋರ್ಡಿನ ರಿದಮ್ ಅಂಡ್ ಬ್ಲೂಸ್ ಪಟ್ಟಿಯ ತುದಿಯಲ್ಲಿತ್ತು. ನನ್ನ ಓಟು ಮಾತ್ರ ಸನ್ನಿ ಬಾಯ್ ವಿಲಿಯಮ್ಸನ್‌ಗೆ. ಆ ಹೆಸರಿನವರು ಇಬ್ಬರು. ಮೊದಲನೆಯವನು, ಜಾನ್ ಲೀ, 1948ರಲ್ಲಿ ಷಿಕಾಗೋದಲ್ಲಿ ಕೊಲೆಯಾದ. ಅವನು ಬದುಕಿರುವಾಗಲೇ ಅವನ ಹೆಸರನ್ನು ರಾಜಾರೋಷವಾಗಿ ಎತ್ತಿಕೊಂಡ ರೈಸ್ ಮಿಲ್ಲರ್ ಎರಡನೆಯವನು. 1941ರಿಂದ ಅರ್ಕನ್ಸಾಸಿನ ಹೆಲೆನಾ ಊರಿನ ರೇಡಿಯೋದಲ್ಲಿ ಹಿಟ್ಟಿನ ಕಂಪನಿಯ ಪ್ರಾಯೋಜಿತ ಕಾರ್ಯಕ್ರಮ ನಡೆಸುತ್ತಿದ್ದ. ಹೆಸರು ಕದ್ದವನನ್ನೇ ನಾನು ಮೆಚ್ಚುವುದು. ಆತ ಎಲ್ಲೂ ಅವಸರ ಮಾಡುವುದಿಲ್ಲ. ಎರಡು ಸ್ವರ ಬಿಡುತ್ತಾನೆ, ಸುಮ್ಮನಾಗುತ್ತಾನೆ, ಆ ಮೌನವನ್ನೂ ತಾಳದಲ್ಲೇ ಇಡುತ್ತಾನೆ.

ಇದನ್ನೆಲ್ಲ ಇಷ್ಟು ವಿಸ್ತಾರವಾಗಿ ಹೇಳುವುದಕ್ಕೆ ಕಾರಣವಿದೆ. ಶಿರಸಿಯ ಯಜಮಾನರ ಮುಂದೆಯೂ ನಾನು ಇದನ್ನು ಹೇಳಬೇಕಾಯಿತು, ನೀವೂ ಹೇಳಬೇಕಾಗುತ್ತದೆ. ಯಾವ ಸಂಗೀತಕ್ಕೆ ಎಂದು ತಿಳಿಯದೆ ಅವರು ವಾದ್ಯ ಬಿಚ್ಚುವುದಿಲ್ಲ.

ಅಂಗಡಿ ಎಂದರೆ ಒಂದು ಕೋಣೆ. ಗೋಡೆಗೆ ತಿದಿಗಳು, ಬಿಚ್ಚಿಟ್ಟ ಮನೆಗಳು (ಬೆರಳೊತ್ತುವ ಪಟ್ಟಿಗಳು), ಗುಜರಾತಿನ ಪಾಲಿತಾಣಾದ ರೀಡ್‌ಗಳ ಡಬ್ಬಿ. ಕಿಟಕಿಯ ಪಕ್ಕ ಮೇಜು. ಮೇಜಿನ ಮೇಲೆ ಪೇಟಿಯ, ಅಂದರೆ ಹಾರ್ಮೋನಿಯಂನ, ಅರ್ಧ ದೇಹದಂಥ ಶ್ರುತಿಪೆಟ್ಟಿಗೆ, ಅದಕ್ಕೆ ಕಾಲಿನಿಂದ ತುಳಿಯುವ ತಿದಿ. ಮೊದಲ ಸಲ ನನ್ನ ವಾದ್ಯವನ್ನು ಎತ್ತಿ ತೋರಿಸಿದಾಗ ಅವರು ಕೇಳಿದ ಮೊದಲ ಪ್ರಶ್ನೆ: ‘ತೊಳೆದು ತಂದಿದ್ದೀರಾ?’

ಎಂಜಲಿನ ವಿಷಯ. ಇನ್ನೊಬ್ಬರು ಬಾಯಿಟ್ಟ ವಾದ್ಯಕ್ಕೆ ಅವರು ಸುತರಾಂ ಬಾಯಿ ಇಡುವುದಿಲ್ಲ. ಹಾಗಾಗಿ ವಾದ್ಯವನ್ನು ಬಿಟ್ಟು ಬಂದು ವಾರ ಕಳೆದು ಒಯ್ಯುವ ವ್ಯವಸ್ಥೆ ಇಲ್ಲಿ ಇಲ್ಲ. ನೀವು ಎದುರಿಗೆ ಕೂರಬೇಕು. ಅವರು ಕೆರೆಯುತ್ತಾರೆ, ನೀವು ಎಳೆಯುತ್ತೀರಿ. ಮೊದಮೊದಲು ಇದು ತೊಂದರೆ ಎನಿಸಿತು. ನೋಡಿದರೆ ಅದೇ ಸರಿಯಾದ ಕ್ರಮ: ತಿದಿಯ ತಣ್ಣಗಿನ ಗಾಳಿಯಲ್ಲಿ ಕೂಡಿದ ಸ್ವರ, ಬಾಯಿಯ ಬಿಸಿ ಉಸಿರಿನಲ್ಲಿ ತುಸು ಬೇರೆಯಾಗುತ್ತದೆ. ನುಡಿಸುವವನ ಉಸಿರಿನಲ್ಲೇ ಶ್ರುತಿ ಕೂಡಿಸಬೇಕು.

ಮೊಳೆ ಹೊಡೆದು ಕೂಡಿಸಿದ ವಾದ್ಯವನ್ನು ಅವರು ತೆಳು ಚಾಕುವಿನ ತುದಿಯಿಂದ ಒಂದೊಂದೇ ಮೊಳೆ ಸಡಿಲಿಸಿ ಬಿಚ್ಚಿದರು. ಒಂದೂ ಬಾಗಲಿಲ್ಲ. ರೀಡಿನ ಅಡಿಗೆ ಹಳೆಯ ಶೇವಿಂಗ್ ಬ್ಲೇಡಿನ ಚೂರನ್ನು ತೂರಿಸಿ ನಾಲಿಗೆಯನ್ನು ಎತ್ತಿ ನಿಲ್ಲಿಸಿದರು. ಉಗುರಿನಷ್ಟು ಅಗಲದ ಅರದಿಂದ ತುದಿಯ ಹತ್ತಿರ ಎರಡೇ ಎರಡು ಸಲ ಉಜ್ಜಿದರು. ತುದಿಯನ್ನು ಕೆರೆದರೆ ಅಲ್ಲಿನ ತೂಕ ಕಡಿಮೆಯಾಗಿ ಸ್ವರ ಏರುತ್ತದೆ. ಬುಡದ ಹತ್ತಿರ ಕೆರೆದರೆ ಬಿಗಿ ಸಡಿಲಾಗಿ ಇಳಿಯುತ್ತದೆ. ಹಾರ್ಮೋನಿಯಂಗೂ ಇದೇ ಲೆಕ್ಕ, ಆದರೆ ಅಲ್ಲಿ ರೀಡ್ ದೊಡ್ಡದು, ತಪ್ಪಿದರೆ ತಿದ್ದಲು ಅವಕಾಶವಿದೆ. ಇಲ್ಲಿ ಒಂದು ಉಜ್ಜು ಹೆಚ್ಚಾದರೆ ರೀಡ್ ಹೋಯಿತು. ಹಿತ್ತಾಳೆಯ ಪುಡಿಯನ್ನು ಒಣಗಿದ ಬಣ್ಣದ ಕುಂಚದಿಂದ ಗುಡಿಸಿ, ಕಟ್ಟನ್ನು ಕೈಯಲ್ಲೇ ಅದುಮಿ ಹಿಡಿದು ನನ್ನ ಕಡೆ ಚಾಚಿದರು. ‘ಎಳೆಯಿರಿ.’ ಎಳೆದೆ. ‘ಇನ್ನೂ ಕೂದಲೆಳೆಯಷ್ಟು ಇದೆ.’ ಮೊಬೈಲಿನ ಟ್ಯೂನರ್ ತೆಗೆಯಹೋದೆ. ಅದನ್ನು ಕಿಸೆಯಲ್ಲೇ ಇಡಲು ಹೇಳಿದರು.

ಶ್ರುತಿಯ ಭಾಷೆ ನಮ್ಮಿಬ್ಬರಿಗೂ ಒಂದೇ ಆಗಿದ್ದರಿಂದ ಮಾತು ಸಲೀಸಾಯಿತು. ಬಿಳಿ ಐದನ್ನು (ಜಿ ಸ್ವರವನ್ನು) ಷಡ್ಜ ಹಿಡಿಯಿರಿ ಎಂದೆ. ಎರಡನೆಯ ರಂಧ್ರದ ಎಳೆತ ಸಾ. ಮೂರನೆಯದು ಶುದ್ಧ ಗಾಂಧಾರ, ಬಗ್ಗಿಸಿದರೆ ಕೋಮಲ. ನಾಲ್ಕನೆಯದು ಪಂಚಮ, ಬಗ್ಗಿಸಿದರೆ ತೀವ್ರ ಮಧ್ಯಮ. ಐದನೆಯದು ಕೋಮಲ ನಿಷಾದ. ಬ್ಲೂಸ್ ಹಾಡುಗಾರ ನಿಲ್ಲುವುದು ಎರಡು ಗಾಂಧಾರಗಳ ನಡುವೆ ಎಲ್ಲೋ ಎಂದು ಮೂರನೆಯ ರಂಧ್ರವನ್ನು ನಿಧಾನವಾಗಿ ಬಗ್ಗಿಸಿ ತೋರಿಸಿದೆ. ಅವರ ಕಾಲು ತಿದಿಯ ಮೇಲೆಯೇ ನಿಂತಿತು. ‘ಇನ್ನೊಮ್ಮೆ’ ಎಂದರು. ಮತ್ತೆ ಬಗ್ಗಿಸಿದೆ. ದರ್ಬಾರಿ ರಾಗದ ಗಾಂಧಾರ ಇದಕ್ಕಿಂತ ಕೆಳಗಿರುತ್ತದೆ, ಆಂದೋಲನವೂ ಬೇರೆ ಎಂದು ತಿದ್ದಿದರು. ಸರಿಯಾಗಿಯೇ ತಿದ್ದಿದರು.

ಹಾರ್ಮೋನಿಯಂ ಜನರಿಗೆ ಈ ಮೀಂಡ್, ಅಂದರೆ ಸ್ವರದ ಜಾರುವಿಕೆ, ಹಳೆಯ ಗಾಯ. ಸ್ವರದಿಂದ ಸ್ವರಕ್ಕೆ ಜಾರಲು ಬಾರದ ವಾದ್ಯ, ಶ್ರುತಿಗಳನ್ನು ಕೊಲ್ಲುವ ವಾದ್ಯ ಎಂದು ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟಿತು. ನಿಷೇಧ ಸಡಿಲಾದದ್ದು 1971ರಲ್ಲಿ. ಅದೇ ಹಿತ್ತಾಳೆ ನಾಲಿಗೆ ಮೌತ್ ಆರ್ಗನ್ನಿನಲ್ಲಿ ಜಾರುತ್ತದೆ, ಹಾರ್ಮೋನಿಯಂನಲ್ಲಿ ಏಕೆ ಜಾರುವುದಿಲ್ಲ? ಉತ್ತರವನ್ನು ಅವರೇ ರೀಡ್ ಫಲಕವನ್ನು ಬೆಳಕಿಗೆ ಹಿಡಿದು ಕಂಡುಕೊಂಡರು. ಇಲ್ಲಿ ಒಂದೇ ಗೂಡಿನಲ್ಲಿ ಊದುವ ರೀಡ್ ಒಂದು, ಎಳೆಯುವ ರೀಡ್ ಒಂದು. ಬಾಯಿಯ ಆಕಾರ ಬದಲಾದಾಗ ಎಳೆತದ ರೀಡ್ ಹಿಂದೆ ಸರಿದು, ಸುಮ್ಮನಿರಬೇಕಾಗಿದ್ದ ಊದುವ ರೀಡ್ ಸ್ವರ ಹಿಡಿಯುತ್ತದೆ. ಎರಡರ ನಡುವೆ ಎಷ್ಟು ಅಂತರವಿದೆಯೋ ಅಷ್ಟರೊಳಗೇ ಜಾರಬಹುದು. ಪೇಟಿಯ ರೀಡಿಗೆ ಅಂಥ ಜೊತೆಯೂ ಇಲ್ಲ, ಅದರ ಹತ್ತಿರ ಬಾಯಿಯೂ ಇಲ್ಲ.

ಇನ್ನು ಜಗಳ. ನನ್ನ ವಾದ್ಯದ ಶ್ರುತಿ ಹಳೆಯ ಪದ್ಧತಿಯದು. ಅದರಲ್ಲಿ ಐದನೆಯ ಎಳೆತದ ಕೋಮಲ ನಿಷಾದವನ್ನು ಬೇಕೆಂದೇ ಕೆಳಗೆ ಇಟ್ಟಿರುತ್ತಾರೆ: ಷಡ್ಜಕ್ಕೆ ಏಳಕ್ಕೆ ನಾಲ್ಕರ ಅನುಪಾತ, ಪಿಯಾನೋದ ಅದೇ ಸ್ವರಕ್ಕಿಂತ 31 ಸೆಂಟ್ ಕೆಳಗೆ, ನೂರು ಸೆಂಟ್ ಸೇರಿದರೆ ಒಂದು ಅರ್ಧ ಸ್ವರ. ಒಂಟಿಯಾಗಿ ನುಡಿಸಿದರೆ ಬೇಸುರು ಎನಿಸುತ್ತದೆ. ಎರಡರಿಂದ ಐದರವರೆಗಿನ ರಂಧ್ರಗಳನ್ನು ಒಟ್ಟಿಗೆ ಎಳೆದರೆ ಒರಟಿಲ್ಲದೆ ಒಂದೇ ದನಿಯಾಗಿ ಗುಂಯ್‌ಗುಡುತ್ತದೆ. ಯಜಮಾನರು ಅದನ್ನು ಒಂಟಿಯಾಗಿ ಕೇಳಿ ‘ಇದೂ ಬಿದ್ದಿದೆ’ ಎಂದು ಅರ ಎತ್ತಿದರು. ಬೇಡ ಎಂದು ಕೈ ಅಡ್ಡ ಹಿಡಿದೆ. ತಾವು ಇಷ್ಟು ವರ್ಷ ನಿಷಾದ ಕೂಡಿಸಿದ್ದೇ ಸುಳ್ಳೇ ಎಂದು ಅವರು, ಇದು ನಿಮ್ಮ ಪದ್ಧತಿಯ ನಿಷಾದವಲ್ಲ ಎಂದು ನಾನು. ಮೊಬೈಲಿನಲ್ಲಿ ಸನ್ನಿ ಬಾಯ್ ಹಾಕಿದೆ, ಎರಡನೆಯವನನ್ನು. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ‘ಇವನು ಅಳುತ್ತಿಲ್ಲ, ಯಾರನ್ನೋ ಕೆಣಕುತ್ತಿದ್ದಾನೆ’ ಎಂದರು. ಬ್ಲೂಸ್ ಎಂದರೆ ಗೋಳು ಎಂದು ತಿಳಿದಿರುವ ಎಷ್ಟೋ ಓದಿದವರಿಗಿಂತ ಅವರ ಕಿವಿ ಚುರುಕು. ನಿಷಾದದ ವಿಷಯದಲ್ಲಿ ಮಾತ್ರ ಅವರು ಒಪ್ಪಲಿಲ್ಲ. ಅರವನ್ನು ಕೆಳಗಿಟ್ಟರು, ಅಷ್ಟೇ.

ಫಲಿತಾಂಶ ಹೇಗಿದೆ? ನಾಲ್ಕನೆಯ ಎಳೆತ ಈಗ ಸ್ಥಿರವಾಗಿದೆ, ಬಗ್ಗಿಸಿದರೂ ಮರಳಿ ಅದೇ ಜಾಗಕ್ಕೆ ಬರುತ್ತದೆ. ಕೇಳದೆಯೇ ಮೇಲಿನ ರಂಧ್ರಗಳ ರೀಡ್ ಎತ್ತರವನ್ನೂ ಸರಿಪಡಿಸಿದ್ದಾರೆ. ಏಳನೆಯದು ಮೊದಲಿಗಿಂತ ಬೇಗ ಮಾತಾಡುತ್ತದೆ. ಮೊಳೆಗಳ ಬದಲು ಚಿಕ್ಕ ಸ್ಕ್ರೂ ಹಾಕಿಕೊಟ್ಟಿದ್ದರಿಂದ ಮಳೆಗಾಲದಲ್ಲಿ ನಾನೇ ಬಿಚ್ಚಿ ಒಣಗಿಸಬಹುದು. ಕೋಂಬಿನ ಮರಕ್ಕೆ ಜೇನುಮೇಣ ಕಾಯಿಸಿ ಹಚ್ಚಿಸಿಕೊಳ್ಳಿ ಎಂದೂ ಹೇಳಿದರು, ಹಚ್ಚಿಯೂ ಕೊಟ್ಟರು. ಸಮುದ್ರದ ಬದಿಯವರಿಗೆ ಈ ಒಂದು ಉಪಚಾರಕ್ಕಾಗಿಯೇ ಹೋಗಬಹುದು. 2011ರಲ್ಲಿ ಕೊಂಕಣ ರೈಲು ಹತ್ತಿ ಮುಂಬೈಗೆ ಹೋಗಿ ಮಹೀಂದ್ರಾ ಬ್ಲೂಸ್ ಉತ್ಸವದಲ್ಲಿ ಷಿಕಾಗೋದ ಗಿಟಾರ್ ವಾದಕ ಬಡ್ಡಿ ಗೈಯನ್ನು ಕೇಳಿ ಬಂದ ಹುರುಪಿನಲ್ಲಿ ಕೊಂಡ ವಾದ್ಯ ಇದು. ಆತನ ಜೊತೆಗಾರ, ಮೌತ್ ಆರ್ಗನ್ನಿನ ಜೂನಿಯರ್ ವೆಲ್ಸ್, 1998ರಲ್ಲೇ ತೀರಿಹೋಗಿದ್ದರು. ಆ ಕೊರತೆಯನ್ನು ಮನೆಯಲ್ಲಿ ನಾನು ತುಂಬಲು ಹೊರಟಿದ್ದೆ. ಪಕ್ಕದ ಮನೆಯವರು ಇಂದಿಗೂ ಕಿಟಕಿ ಮುಚ್ಚುತ್ತಾರೆ. ಅದಕ್ಕೆ ಶಿರಸಿಯಲ್ಲಿ ರಿಪೇರಿ ಇಲ್ಲ.

ಕೊರತೆಗಳೂ ಇವೆ. ಮುರಿದ ರೀಡಿಗೆ ಇಲ್ಲಿ ಮದ್ದಿಲ್ಲ. ಅಷ್ಟು ಚಿಕ್ಕ ರೀಡ್ ಅವರ ಬಳಿ ಇರುವುದಿಲ್ಲ, ಪೇಟಿಯ ರೀಡ್ ಕತ್ತರಿಸಿ ಹಾಕುವ ಪ್ರಯೋಗಕ್ಕೆ ಅವರು ಕೈ ಹಾಕುವುದೂ ಇಲ್ಲ. ಫೋನ್ ಎತ್ತುವುದಿಲ್ಲ. ಹನ್ನೊಂದಕ್ಕೆ ಬನ್ನಿ ಎಂದರೆ ಹನ್ನೆರಡೂವರೆ. ಮಧ್ಯೆ ಯಾರಾದರೂ ಪೇಟಿ ಹೊತ್ತು ಬಂದರೆ ನಿಮ್ಮ ವಾದ್ಯ ಬಿಚ್ಚಿದ ಸ್ಥಿತಿಯಲ್ಲೇ ಕಾಯುತ್ತದೆ. ರಸೀದಿ ಇಲ್ಲ, ನಗದು ಮಾತ್ರ. ರೀಡ್ ಒಂದಕ್ಕೆ ನೂರೈವತ್ತು ರೂಪಾಯಿ ತೆಗೆದುಕೊಂಡರು, ಮೇಣಕ್ಕೆ ಏನನ್ನೂ ತೆಗೆದುಕೊಳ್ಳಲಿಲ್ಲ.

ಗಣೇಶ ಚತುರ್ಥಿಗೆ ಮುಂಚಿನ ವಾರಗಳಲ್ಲಿ ಭಜನೆಯ ಪೆಟ್ಟಿಗೆಗಳು ಬಾಗಿಲವರೆಗೆ ತುಂಬಿರುತ್ತವೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗ ಆ ಬೀದಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಜೋರು ಮಳೆಯಲ್ಲಿ ದೇವಿಮನೆ ಘಟ್ಟದ ರಸ್ತೆಯನ್ನು ನಂಬಬೇಡಿ, ಕುಮಟಾದಲ್ಲೇ ವಿಚಾರಿಸಿ ಮುಂದೆ ಹೋಗಿ. ನವೆಂಬರ್‌ನಿಂದ ಜನವರಿ ಒಳ್ಳೆಯ ಕಾಲ, ಗಾಳಿಯೂ ಒಣಗಿರುತ್ತದೆ. ವಾದ್ಯವನ್ನು ತೊಳೆದು ಒಯ್ಯಿರಿ. ಹಣ ಎಣಿಸಿಕೊಳ್ಳುವಾಗ ಅವರು ಐದನೆಯ ಎಳೆತದ ಬಗ್ಗೆ ಇನ್ನೊಮ್ಮೆ ಹೇಳಿಯೇ ಹೇಳುತ್ತಾರೆ. ಒಪ್ಪಬೇಡಿ.