ಶೇಟ್ರ ಕಿವಿ, ಅಂಗಡಿಯ ಮೆಷಿನ್, ನಮ್ಮನೆ ನೀರಿನ ಲೋಟ

ಎರಡು ವರ್ಷದ ಹಿಂದೆ ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಒಂದು ಬೆಳ್ಳಿ ರೂಪಾಯಿ ಕೊಂಡೆ. ಆರನೇ ಜಾರ್ಜ್ ರಾಜನ ತಲೆ, ಇಸವಿ 1939. ಆ ಇಸವಿಯ ರೂಪಾಯಿ ಸಿಗುವುದೇ ಕಷ್ಟ ಅಂತ ಗೊತ್ತಿತ್ತು. ಮಾರುವವನು ಹೇಳಿದ ಬೆಲೆ ಮಾತ್ರ ತೀರಾ ಕಡಿಮೆ. ಅನುಮಾನ ಬರಬೇಕಾದ ಜಾಗದಲ್ಲಿ ನನಗೆ ಖುಷಿ ಬಂತು.

ಮನೆಗೆ ಬಂದ ಮೇಲೆ ಅನುಮಾನ ಶುರುವಾಯಿತು. ಹಾಗಾಗಿ ಮನೆಯಲ್ಲಿದ್ದ ಇನ್ನು ಮೂರು ನಾಣ್ಯ ಜೊತೆಗಿಟ್ಟುಕೊಂಡೆ: 1862ರ ವಿಕ್ಟೋರಿಯಾ ರಾಣಿ ರೂಪಾಯಿ, 1906ರ ಎಡ್ವರ್ಡ್ ರಾಜನದ್ದು, 1944ರ ಆರನೇ ಜಾರ್ಜ್‌ದು. ನಮ್ಮೂರ ಚಿನ್ನ-ಬೆಳ್ಳಿ ಕೆಲಸದ ಶೇಟ್ರು ತಮ್ಮ ಡಬ್ಬಿಯಿಂದ ಒಂದು ಖೋಟಾ ರಾಣಿಯನ್ನೂ ಕೊಟ್ಟರು. ಜರ್ಮನ್ ಸಿಲ್ವರ್‌ದು, ಅಂದರೆ ಹೆಸರಿಗಷ್ಟೇ ಬೆಳ್ಳಿ. ಐದನ್ನೂ ಮೂರು ಕಡೆ ಪರೀಕ್ಷೆ ಮಾಡಿದೆ.

ಮೊದಲು ಶೇಟ್ರು. ಅವರದ್ದು ಕಿವಿಯ ಲೆಕ್ಕ. ನಾಣ್ಯವನ್ನು ಬೆರಳ ತುದಿಯಲ್ಲಿ ನಿಲ್ಲಿಸಿ ಇನ್ನೊಂದರಿಂದ ಮೆಲ್ಲಗೆ ತಟ್ಟುತ್ತಾರೆ. ಒಳ್ಳೆಯ ಬೆಳ್ಳಿ ಸಣ್ಣಗೆ, ಉದ್ದಕ್ಕೆ ಹಾಡುತ್ತದೆ. ಖೋಟಾ ಸಿಕ್ಕಿಬೀಳಲು ಎರಡು ಸೆಕೆಂಡ್ ಸಾಕಾಯಿತು. ಆದರೆ ನನ್ನ ಎಡ್ವರ್ಡ್‌ನ್ನೂ ಪಕ್ಕಕ್ಕೆ ತಳ್ಳಿದರು. "ಇದು ಸತ್ತ ದನಿ ಮಾರಾಯ್ರೆ, ತಗೋಬೇಡಿ" ಅಂದರು. ಅದು ಅಜ್ಜನ ಪೆಟ್ಟಿಗೆಯದ್ದು, ಖೋಟಾ ಆಗುವುದು ಹೇಗೆ? ಆಮೇಲೆ ನೋಡಿದರೆ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು. ಬಿರುಕು ಬಿಟ್ಟ ಗಂಟೆ ಹಾಡುತ್ತದಾ? ಒರೆಗಲ್ಲಿಗೆ ಉಜ್ಜುತ್ತೇನೆ ಅಂದರು, ನಾನೇ ಬೇಡ ಅಂದೆ. ಕರಗಿಸುವ ಬೆಳ್ಳಿಗೆ ಒರೆಗಲ್ಲು, ಆಸಿಡ್ ಎಲ್ಲ ಸರಿ. ಸಂಗ್ರಹದ ನಾಣ್ಯಕ್ಕೆ ಅದು ಗಾಯ.

ಎರಡನೆಯದು ಶಿವಮೊಗ್ಗದ ಗಾಂಧಿ ಬಜಾರ್ ಕಡೆಯ ಒಂದು ಆಭರಣದ ಅಂಗಡಿಯ ಮೆಷಿನ್. ನಾಣ್ಯ ಒಳಗಿಟ್ಟರೆ ಎಕ್ಸ್‌ರೇ ಬಿಟ್ಟು ಯಾವ ಲೋಹ ಎಷ್ಟಿದೆ ಅಂತ ಚೀಟಿ ಕೊಡುತ್ತದೆ. ನೋಡಲು ಭಾರೀ ಗತ್ತು. ಆದರೆ ಅದು ನೋಡುವುದು ಮೇಲಿನ ತೆಳು ಪದರವನ್ನು ಮಾತ್ರ. ದಪ್ಪ ಬೆಳ್ಳಿ ಲೇಪ ಮಾಡಿದ್ದರೆ ಮೋಸ ಹೋಗುತ್ತದೆ. ನಮ್ಮ ಖೋಟಾಕ್ಕೆ ಲೇಪ ಇರಲಿಲ್ಲ, ಹಾಗಾಗಿ ತಾಮ್ರ, ನಿಕ್ಕೆಲ್, ಸತು ಅಂತ ಬಂತು. ಎಡ್ವರ್ಡ್ ಬೆಳ್ಳಿಯೇ ಅಂತ ಖಾತ್ರಿಯಾಯಿತು. ನನ್ನ 1939ಕ್ಕೂ ಒಳ್ಳೆಯ ಬೆಳ್ಳಿ ಅಂತಲೇ ಚೀಟಿ. ಬಸ್ಸಿನಲ್ಲಿ ಹಲ್ಲು ಕಿರಿಯುತ್ತಾ ವಾಪಸ್ ಬಂದೆ.

ಮೂರನೆಯದು ನನ್ನ ಮೆಚ್ಚಿನದು. 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ, ಒಂದು ಪ್ಲಾಸ್ಟಿಕ್ ಲೋಟ, ಒಂದೆಳೆ ದಾರ. ಹಳೆ ರೂಪಾಯಿಯ ತೂಕ 11.66 ಗ್ರಾಂ. ಅಂದರೆ ಸರಿಯಾಗಿ ಒಂದು ತೊಲ. ಅಜ್ಜಿ "ಒಂದು ರೂಪಾಯಿ ತೂಕ ಬಂಗಾರ" ಅನ್ನುತ್ತಿದ್ದದ್ದು ಇದಕ್ಕೇ. ಸವೆದು 11.4ರ ತನಕ ಇಳಿದಿದ್ದರೆ ನಾನು ಚಿಂತೆ ಮಾಡುವುದಿಲ್ಲ. ಹೊಸದರಂತೆ ಹೊಳೆಯುವ ನಾಣ್ಯ 11ಕ್ಕೆ ಇಳಿದಿದ್ದರೆ ಅಲ್ಲೇ ಕೈ ಬಿಡುತ್ತೇನೆ.

ತೂಕ ಒಂದೇ ಸಾಲದು, ಖೋಟಾ ಕೂಡ 11.60 ತೂಗಿತು. ಆಗ ನೀರು ಬೇಕು. ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ನಾಣ್ಯವನ್ನು ದಾರದಲ್ಲಿ ಕಟ್ಟಿ, ತಳಕ್ಕೆ ತಾಗದಂತೆ ಮುಳುಗಿಸಿ. ಬಂದ ಅಂಕಿಯಿಂದ ನಾಣ್ಯದ ತೂಕವನ್ನು ಭಾಗಿಸಿ. ಗಾಳಿಗುಳ್ಳೆ ಅಂಟಿಕೊಂಡಿದ್ದರೆ ಲೆಕ್ಕ ತಪ್ಪುತ್ತದೆ, ನನಗೆ ಎರಡು ಸಲ ತಪ್ಪಿತು. ರಾಣಿ 11.48ಕ್ಕೆ 1.11, ಅಂದರೆ ನೀರಿಗಿಂತ 10.3 ಪಟ್ಟು ಭಾರ. ಹಳೆ ರೂಪಾಯಿಯ ಶೇಕಡಾ 91.7 ಬೆಳ್ಳಿಗೆ ಬರಬೇಕಾದದ್ದೇ ಅಷ್ಟು. ಎಡ್ವರ್ಡ್‌ಗೂ ಅಷ್ಟೇ ಬಂತು. ಖೋಟಾ 8.6. 1944ರದ್ದು 9.5. ಅದೇನೂ ಖೋಟಾ ಅಲ್ಲ. ಯುದ್ಧದ ಕಾಲದಲ್ಲಿ, 1940ರಿಂದ, ರೂಪಾಯಿಯಲ್ಲಿ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. ರಾಣಿಯಲ್ಲಿ ಸುಮಾರು 10.7 ಗ್ರಾಂ ಬೆಳ್ಳಿ ಇದ್ದರೆ ಇದರಲ್ಲಿ 5.8. ಎರಡಕ್ಕೂ ಒಂದೇ ರೇಟು ಹೇಳುವವರು ಬೇಕಾದಷ್ಟು ಜನ ಇದ್ದಾರೆ, ಇಲ್ಲೇ ದುಡ್ಡು ಹೋಗುವುದು.

ನನ್ನ 1939? ತೂಕ 11.62, ನೀರಿನಲ್ಲಿ 1.12. ಪಾಸ್. ಶೇಟ್ರ ಕಿವಿಯಲ್ಲೂ ಪಾಸ್ ಆಗಿತ್ತು.

ಕೊನೆಗೆ ಸುಮ್ನೆ ಅಂತ ಹತ್ತು ಪಟ್ಟು ದೊಡ್ಡದು ಮಾಡುವ ಮಸೂರ ಹಿಡಿದೆ. ಕೊನೆಯ 9ರ ಹೊಟ್ಟೆಯ ಹತ್ತಿರ ಗೀರುಗಳು. ಉಳಿದ ಅಂಕಿಗಳ ಸುತ್ತ ನುಣುಪು, ಅಲ್ಲಿ ಮಾತ್ರ ಕೆರೆದ ಗುರುತು. 1938ರ ಅಸಲಿ ನಾಣ್ಯವನ್ನೇ ತಂದು 8ನ್ನು 9 ಮಾಡಿದ್ದರು! ಬೆಳ್ಳಿ ಅಸಲಿ, ಟಂಕಸಾಲೆ ಅಸಲಿ, ಇಸವಿ ಮಾತ್ರ ಸುಳ್ಳು. ಇದನ್ನು ಯಾವ ಮೆಷಿನ್ ಹಿಡಿಯುತ್ತದೆ?

ಅಲ್ಲಿಂದ ನನ್ನ ಕ್ರಮವೇ ತಿರುಗಿತು. ಮೊದಲು ಮಸೂರ, ಆಮೇಲೆ ತಕ್ಕಡಿ. ಗ್ರೇಡ್, ಅಂದರೆ ನಾಣ್ಯ ಎಷ್ಟು ಸವೆದಿದೆ ಅಂತ ನೋಡುವುದೂ ಮಸೂರದಲ್ಲೇ. ರಾಣಿಗೆ ಕೆನ್ನೆ, ಕಿವಿಯ ಮೇಲಿನ ಕೂದಲು, ಉಡುಪಿನ ಕಸೂತಿ ನೋಡುತ್ತೇನೆ. ಮೊದಲು ಸವೆಯುವುದು ಅವೇ. ಐದನೇ ಜಾರ್ಜ್‌ಗೆ ನಿಲುವಂಗಿಯ ಮೇಲಿನ ಪುಟ್ಟ ಆನೆ. (1911ರ ನಾಣ್ಯದಲ್ಲಿ ಆ ಆನೆ ಜನರಿಗೆ ಹಂದಿಯಂತೆ ಕಂಡು ಗಲಾಟೆಯಾಯಿತು, 1912ರಿಂದ ತಿದ್ದಿದರು.) ಸರಕ್ಕೆ ಹಾಕಲು ಕೊಂಡಿ ಬೆಸೆದ ಗುರುತಿದ್ದರೆ ಬೆಳ್ಳಿ ದರಕ್ಕಿಂತ ಒಂದು ಪೈಸೆ ಜಾಸ್ತಿ ಕೊಡುವುದಿಲ್ಲ. ಇನ್ನು "160 ವರ್ಷ ಹಳೇದು" ಎಂಬ ಮಾತಿಗೆ ಬೆಲೆ ಕಡಿಮೆ. 1862 ಎಂಬ ಇಸವಿಯನ್ನು 1874ರವರೆಗೂ ಹಾಗೇ ಹೊಡೆಯುತ್ತಿದ್ದರು, ಹಾಗಾಗಿ ಅದು ಬೇಕಾದಷ್ಟು ಸಿಗುತ್ತದೆ.

ಮಳೆಗಾಲದ ನಮ್ಮ ಥಂಡಿಗೆ ಬೆಳ್ಳಿ ಕಪ್ಪಾಗುತ್ತದೆ. ಆಗಲಿ ಬಿಡಿ. ದೀಪಾವಳಿಗೆ ಅಮ್ಮ ಹುಣಸೆಹಣ್ಣು ಹಾಕಿ ಫಳಫಳ ಮಾಡಿದ ಎರಡು ರೂಪಾಯಿಯನ್ನು ಕೊಳ್ಳುವವರು ಮುಟ್ಟಿಯೂ ನೋಡಲಿಲ್ಲ. ಈಗ ಪೆಟ್ಟಿಗೆಯ ಬೀಗ ನನ್ನ ಹತ್ತಿರ. 1939 ಮಾತ್ರ ದೇವರ ಮನೆಯಲ್ಲಿದೆ. ಎಷ್ಟು ಬೇಕಾದರೂ ಉಜ್ಜು ಅಂತ ಅಮ್ಮನಿಗೆ ನಾನೇ ಕೊಟ್ಟ ಒಂದೇ ನಾಣ್ಯ ಅದು.