ಮೂರ್ಛೆ ರೋಗದ ಮೂರು ಮಾತ್ರೆಗಳು, ನನ್ನ ನೆನಪು ಮತ್ತು ಗಮನ: ದೀರ್ಘಕಾಲದ ಬಳಕೆಯ ಅನುಭವ

ಕಾಲೇಜಿನ ದಿನಗಳಿಂದ ಮೂರ್ಛೆ ರೋಗಕ್ಕೆ ಔಷಧ ಸೇವಿಸುತ್ತಿರುವ ನಾನು ವೈದ್ಯರ ಸಲಹೆಯಂತೆ ಫೆನಿಟಾಯಿನ್, ಟೋಪಿರಾಮೇಟ್, ಲೆವೆಟಿರಾಸೆಟಮ್ ಈ ಮೂರನ್ನೂ ಒಂದಾದ ಮೇಲೊಂದರಂತೆ ಬಳಸಿದ್ದೇನೆ. ಫಿಟ್ಸ್ ತಡೆಯುವುದರಲ್ಲಿ ನನ್ನ ಮಟ್ಟಿಗೆ ಮೂರಕ್ಕೂ ಹೆಚ್ಚಿನ ವ್ಯತ್ಯಾಸವಿರಲಿಲ್ಲ. ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವವನಾದ್ದರಿಂದ, ತಲೆ ಮಂದವಾದರೆ ಅದು ಕಿರ್ದಿ ಪುಸ್ತಕದಲ್ಲೇ ಗೊತ್ತಾಗುತ್ತದೆ. ಇಲ್ಲಿ ಆ ಒಂದು ವಿಷಯವನ್ನಷ್ಟೇ ಬರೆಯುತ್ತಿದ್ದೇನೆ.

ಫೆನಿಟಾಯಿನ್ 1938ರಿಂದ ಬಳಕೆಯಲ್ಲಿರುವ ಅಗ್ಗದ ಔಷಧ. ಇದರ ತೊಡಕು ಅಳತೆಯಲ್ಲಿದೆ. ರಕ್ತದಲ್ಲಿ ಇದು ಸಾಮಾನ್ಯವಾಗಿ ಮಿಲಿಲೀಟರಿಗೆ 10ರಿಂದ 20 ಮೈಕ್ರೋಗ್ರಾಂ ಇರಬೇಕು. ಆದರೆ ಇದನ್ನು ವಿಲೇವಾರಿ ಮಾಡುವ ಯಕೃತ್ತಿನ ಸಾಮರ್ಥ್ಯಕ್ಕೆ ಮಿತಿಯಿರುವುದರಿಂದ, ಆ ಮಿತಿಯ ಹತ್ತಿರ ಬಂದಾಗ ಮಾತ್ರೆಯ ಪ್ರಮಾಣವನ್ನು ತುಸುವೇ ಹೆಚ್ಚಿಸಿದರೂ ರಕ್ತದ ಮಟ್ಟ ಒಮ್ಮೆಲೇ ಏರಿಬಿಡುತ್ತದೆ. 300 ಮಿಲಿಗ್ರಾಂನಿಂದ 400ಕ್ಕೆ ಏರಿಸಿದಾಗ ನನಗೆ ಆದದ್ದು ಇದೇ: ಅಂಕಿಗಳ ಸಾಲು ಕಣ್ಣೆದುರು ಅಲುಗುತ್ತಿತ್ತು, ನಡಿಗೆ ತೂರಾಡುತ್ತಿತ್ತು (ನೋಡಿದವರು ಏನೆಂದುಕೊಂಡರೆಂದು ಹೇಳಬೇಕಾಗಿಲ್ಲ). ರಕ್ತ ಪರೀಕ್ಷೆ ಮಾಡಿಸಿ ಪ್ರಮಾಣ ಇಳಿಸಿದ ಮೇಲೆ ಎರಡೂ ಸರಿಹೋದವು, ಊದಿದ ವಸಡು ಮಾತ್ರ ಹಾಗೆಯೇ ಉಳಿಯಿತು. ಬಹುಕಾಲ ಹೆಚ್ಚಿನ ಮಟ್ಟದಲ್ಲಿ ಸೇವಿಸಿದವರಲ್ಲಿ ಕಿರುಮೆದುಳು ಕುಗ್ಗುವುದು ಕಂಡುಬಂದಿದೆ. ಪದೇ ಪದೇ ಬರುವ ಫಿಟ್ಸ್‌ನಿಂದಲೂ ಹಾಗಾಗಬಹುದಾದ್ದರಿಂದ ಎಲ್ಲವನ್ನೂ ಮಾತ್ರೆಯ ತಲೆಗೆ ಕಟ್ಟುವಂತಿಲ್ಲ.

ಟೋಪಿರಾಮೇಟ್‌ಗೆ ನಾನು ಅತಿ ಕಡಿಮೆ ಅಂಕ ಕೊಡುತ್ತೇನೆ. ಕೌಂಟರಿನಲ್ಲಿ ನಿಂತ ಸದಸ್ಯರೊಬ್ಬರಿಗೆ ರಶೀದಿ ಕೊಡಬೇಕು, ರಶೀದಿ ಪುಸ್ತಕ ಕೈಯಲ್ಲೇ ಇದೆ, ಆದರೆ ‘ರಶೀದಿ’ ಎಂಬ ಶಬ್ದ ಬಾಯಿಗೆ ಬಾರದೆ ‘ಆ ದುಡ್ಡು ಕಟ್ಟಿದ ಚೀಟಿ’ ಎಂದಿದ್ದೇನೆ. ಪದ ಸಿಗದೆ ತಡವರಿಸುವುದು ಈ ಔಷಧದ ಗುರುತಿಸಲ್ಪಟ್ಟ ಅಡ್ಡಪರಿಣಾಮ; ಪ್ರಮಾಣ ಹೆಚ್ಚಿದಷ್ಟೂ, ಬೇಗ ಬೇಗ ಏರಿಸಿದಷ್ಟೂ ಅದು ಜಾಸ್ತಿ. ಬೆರಳ ತುದಿ ಜುಮ್ಮೆನ್ನುತ್ತಿತ್ತು, ಸೋಡಾ ಸಪ್ಪೆಯೆನಿಸುತ್ತಿತ್ತು. ಬಿಟ್ಟ ಮೇಲೆ ಕೆಲವೇ ವಾರಗಳಲ್ಲಿ ಮಾತು ಮೊದಲಿನಂತಾಯಿತು.

ಈಗಿನ ಲೆವೆಟಿರಾಸೆಟಮ್‌ನಲ್ಲಿ ನೆನಪಿಗೂ ಲೆಕ್ಕಕ್ಕೂ ತೊಂದರೆಯಿಲ್ಲ. ಸಿಡುಕುತನವೇ ಇದರ ಕೊರತೆ. ‘ನಿಮ್ಮ ಲೆಕ್ಕವೇನೋ ಸರಿಯಾಗಿದೆ, ಬಾಯಿ ಮಾತ್ರ ಹಿಡಿತದಲ್ಲಿಲ್ಲ’ ಎಂದು ಮನೆಯವಳು ಹೇಳಿದ ಮೇಲೆಯೇ ನಾನು ಅದನ್ನು ವೈದ್ಯರ ಗಮನಕ್ಕೆ ತಂದದ್ದು. ಕೆಲವರಲ್ಲಿ ಇದು ಖಿನ್ನತೆಯವರೆಗೂ ಹೋಗುತ್ತದೆ. ಆದ್ದರಿಂದ ಮೊದಲ ತಿಂಗಳುಗಳಲ್ಲಿ ಮನೆಯವರ ಮಾತಿಗೆ ಕಿವಿಗೊಡುವುದು ಒಳ್ಳೆಯದು.

ಗರ್ಭಿಣಿಯರ ವಿಷಯ ಬೇರೆಯೇ ಇದೆ. ನಾನು ಬಳಸದ ವಾಲ್ಪ್ರೊಯೇಟ್ ಅನ್ನು ಗರ್ಭಾವಸ್ಥೆಯಲ್ಲಿ ಸೇವಿಸಿದರೆ ಮಗುವಿನ ಬುದ್ಧಿಶಕ್ತಿಯ ಬೆಳವಣಿಗೆ ಕುಂಠಿತವಾಗುವ ಅಪಾಯವಿರುವುದರಿಂದ, ಮಕ್ಕಳನ್ನು ಬಯಸುವವರು ಮೊದಲೇ ವೈದ್ಯರಲ್ಲಿ ಕೇಳಬೇಕು.

ತಲೆ ಮಂದವೆಂದು ಯಾವ ಮಾತ್ರೆಯನ್ನೂ ತಾವಾಗಿಯೇ ನಿಲ್ಲಿಸಬಾರದು. ಥಟ್ಟನೆ ಬಿಟ್ಟರೆ ನಿಲ್ಲದ ಫಿಟ್ಸ್ ಬಂದು ಜೀವಕ್ಕೇ ಅಪಾಯವಾಗಬಹುದು. ಔಷಧ ಬದಲಿಸುವ ಮೊದಲು ಮತ್ತು ನಂತರ ನೆನಪು, ಗಮನಗಳ ಪರೀಕ್ಷೆ ಮಾಡಿಸಲು ಸಾಧ್ಯವೇ ಎಂದು ನರರೋಗ ತಜ್ಞರನ್ನು ಕೇಳಿ. ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆಂದೇ ರೂಪಿಸಿದ ಪರೀಕ್ಷೆಗಳ ಸರಣಿಯೊಂದು 2004ರಲ್ಲೇ ಪ್ರಕಟವಾಗಿದೆ.