ಕರೆಂಟ್ ಹೋದಾಗ ವೋಚರ್ ಏನಾಗುತ್ತೆ? ಎಸ್‌ಕ್ಯೂಲೈಟ್ ಬಗ್ಗೆ ನನ್ನ ಅನಿಸಿಕೆ

ಲೆಕ್ಕದ ಸಾಫ್ಟ್‌ವೇರ್‌ಗೆ ಡೇಟಾಬೇಸ್ ಆರಿಸುವಾಗ ಎಲ್ಲರೂ ಮೊದಲು ವೇಗ ಕೇಳುತ್ತಾರೆ. ನಾನು ಕೇಳೋದು ಬೇರೆ. ವೋಚರ್ (ಒಂದು ವ್ಯವಹಾರದ ಡೆಬಿಟ್-ಕ್ರೆಡಿಟ್ ದಾಖಲೆ) ಸೇವ್ ಆಗುತ್ತಿರುವಾಗಲೇ ಮಷೀನ್ ಆಫ್ ಆದರೆ, ಮತ್ತೆ ಆನ್ ಮಾಡಿದಾಗ ಒಳಗೆ ಏನಿರುತ್ತೆ? ಈ ವಿಷಯದಲ್ಲಿ ಎಸ್‌ಕ್ಯೂಲೈಟ್ ಅನ್ನುವ, ಎಲ್ಲವನ್ನೂ ಒಂದೇ ಫೈಲಿನಲ್ಲಿಡುವ ಡೇಟಾಬೇಸ್ ಗಟ್ಟಿ ಆಸಾಮಿ. 2000ರಿಂದ ಇದೆ, ದುಡ್ಡು ಕೊಡಬೇಕಿಲ್ಲ, ಸರ್ವರ್ ಬೇಡ.

ಡೆಬಿಟ್ ಸಾಲು ಬರೆದಾಯ್ತು, ಕ್ರೆಡಿಟ್ ಬರೆಯುವ ಮೊದಲೇ ಕರೆಂಟ್ ಹೋಯ್ತು ಅಂದುಕೊಳ್ಳಿ. ಮಾಮೂಲಿ ಮೋಡ್‌ನಲ್ಲಿ ಎಸ್‌ಕ್ಯೂಲೈಟ್ ತನ್ನ ಫೈಲಿನ ಯಾವ ಪುಟ (ತುಂಡು) ಬದಲಿಸಬೇಕೋ ಅದರ ಹಳೆ ಪ್ರತಿಯನ್ನು ಮೊದಲೇ ಪಕ್ಕದ ಜರ್ನಲ್ ಫೈಲಿಗೆ ಬರೆದಿಟ್ಟಿರುತ್ತದೆ. ಮುಂದಿನ ಸಲ ಡೇಟಾಬೇಸ್ ಓದಲು ಹೋದಾಗ ಆ ಜರ್ನಲ್ ಕಣ್ಣಿಗೆ ಬಿದ್ದರೆ ಹಳೆ ಪುಟಗಳನ್ನು ತಾನೇ ವಾಪಸ್ ಹಾಕುತ್ತದೆ, ಅರ್ಧ ವೋಚರ್ ಮಾಯ, ರಿಪೇರಿ ಬಟನ್ ಒತ್ತುವ ಕೆಲಸವೂ ಇಲ್ಲ. ಆದರೆ ಎರಡೂ ಸಾಲು ಒಂದೇ ಟ್ರಾನ್ಸಾಕ್ಷನ್ (ಆದರೆ ಪೂರ್ತಿ ಆಗಬೇಕು, ಇಲ್ಲವೇ ಏನೂ ಆಗಬಾರದು ಅನ್ನುವ ಕಟ್ಟು) ಒಳಗಿರಬೇಕು. ಅದನ್ನು ಶುರು ಮಾಡುವ ಬಿಗಿನ್ ಹೇಳದೆ, ಸಾಲು ಸೇರಿಸುವ ಇನ್ಸರ್ಟ್‌ಗಳನ್ನು ಬಿಡಿಬಿಡಿಯಾಗಿ ಓಡಿಸಿದರೆ ಪ್ರತಿಯೊಂದೂ ತನ್ನ ಪಾಡಿಗೆ ಕಮಿಟ್ (ಖಾಯಂ) ಆಗುತ್ತದೆ, ಆಮೇಲೆ ಟ್ರಯಲ್ ಬ್ಯಾಲೆನ್ಸ್ ತಾಳೆ ಆಗ್ತಿಲ್ಲ ಅಂತ ಡೇಟಾಬೇಸನ್ನು ಬೈದು ಏನು ಪ್ರಯೋಜನ?

ಕ್ರ್ಯಾಶ್ ಆದ ಮೇಲೆ ಆ ಜರ್ನಲ್ ಫೈಲನ್ನು ಕಸ ಅಂದುಕೊಂಡು ಅಳಿಸಬೇಡಿ. ಅಳಿಸಿದರೆ ಹಿಂದಕ್ಕೆ ಹೋಗುವ ದಾರಿಯೇ ಮುಚ್ಚಿತು.

ಇನ್ನು ವಾಲ್ ಮೋಡ್, ಅಂದರೆ ಬದಲಾವಣೆಗಳನ್ನು ಮೊದಲು ಬೇರೆ ವಾಲ್ ಫೈಲಿಗೆ ಬರೆದು ಆಮೇಲೆ ಮುಖ್ಯ ಫೈಲಿಗೆ ಸೇರಿಸುವ ವಿಧಾನ. 2010ರಲ್ಲಿ 3.7.0ರ ಜೊತೆ ಬಂತು. ಒಬ್ಬರು ಬರೆಯುವಾಗ ಉಳಿದವರು ಆರಾಮಾಗಿ ಓದಬಹುದು, ಚೆನ್ನಾಗಿದೆ. ಇದಕ್ಕೆ ಸಿಂಕ್ರೊನಸ್ (ಬರೆದದ್ದು ನಿಜಕ್ಕೂ ಡಿಸ್ಕ್ ಸೇರಿತೇ ಅಂತ ಎಷ್ಟು ಕಾಯಬೇಕು ಅನ್ನುವ ಸೆಟ್ಟಿಂಗ್) ನಾರ್ಮಲ್ ಹಾಕಿ, ಸ್ಪೀಡ್ ಜಾಸ್ತಿ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಹಾಗೆ ಹಾಕಿದರೆ ಫೈಲ್ ಕೆಡುವುದಿಲ್ಲ ನಿಜ, ಆದರೆ ಕರೆಂಟ್ ಹೋದರೆ ಕಮಿಟ್ ಆಗಿದ್ದ ಕೊನೆಯ ಕೆಲವು ಎಂಟ್ರಿ ಇಲ್ಲವಾಗಬಹುದು. ರಸೀದಿ ಪ್ರಿಂಟ್ ಆಗಿ ಗ್ರಾಹಕರ ಕೈಸೇರಿದೆ, ಪುಸ್ತಕದಲ್ಲಿ ಮಾತ್ರ ಅದರ ಸುಳಿವಿಲ್ಲ! ಲೆಕ್ಕಕ್ಕೆ ಆ ಸೆಟ್ಟಿಂಗ್ ಫುಲ್ ಇಡಿ, ಸ್ವಲ್ಪ ನಿಧಾನ ಆದರೆ ಆಗಲಿ. ಆಫ್ ಕಡೆ ತಲೆ ಹಾಕಿಯೂ ಮಲಗಬೇಡಿ.

ಪ್ರೋಗ್ರಾಮನ್ನು ಕಿಲ್ ಮಾಡಿ ನೋಡಿ "ಟೆಸ್ಟ್ ಪಾಸ್" ಅನ್ನುವವರಿಗೆ ಒಂದು ಮಾತು. ಪ್ರೋಗ್ರಾಮ್ ಸತ್ತರೂ ಆಪರೇಟಿಂಗ್ ಸಿಸ್ಟಮ್ ಬದುಕಿರುತ್ತದೆ, ಮೆಮೊರಿಯಲ್ಲಿದ್ದದ್ದನ್ನು ಡಿಸ್ಕಿಗೆ ಬರೆದೇ ಬರೆಯುತ್ತದೆ. ಹಾಗಾಗಿ ಸಿಂಕ್ರೊನಸ್ ಆಫ್ ಇದ್ದರೂ ಆ ಟೆಸ್ಟ್ ಪಾಸ್ ಆಗುತ್ತದೆ. ಪ್ಲಗ್ ಕಿತ್ತು ನೋಡಿ.

ಎಸ್‌ಕ್ಯೂಲೈಟ್ ಕೈಲೂ ಆಗದ್ದು ಒಂದಿದೆ. ಕಮಿಟ್ ಆಯ್ತು, "ಸೇವ್ ಆಗಿದೆ" ಅಂತ ಪರದೆಗೆ ಬರುವ ಮೊದಲು ಎಲ್ಲ ನಿಂತಿತು. ಕೂತವರು ಅದೇ ವೋಚರ್ ಮತ್ತೆ ಹೊಡೆಯುತ್ತಾರೆ, ಅಲ್ವಾ? ಫಾರ್ಮ್ ತೆರೆದಾಗಲೇ ಒಂದು ಐಡಿ ಕೊಟ್ಟು ಅದನ್ನು ಡಿಸ್ಕಲ್ಲೂ ಬರೆದಿಟ್ಟು, ಟೇಬಲ್‌ನಲ್ಲಿ ಅದಕ್ಕೆ ಯೂನಿಕ್ (ಒಂದು ಐಡಿ ಒಮ್ಮೆ ಮಾತ್ರ ಅನ್ನುವ ನಿಯಮ) ಹಾಕಿ. ಮತ್ತೆ ಶುರುವಾದಾಗ ಅರ್ಧಕ್ಕೆ ನಿಂತ ಫಾರ್ಮನ್ನು ಅದೇ ಐಡಿಯಲ್ಲಿ ತೆರೆದರೆ ಎರಡನೇ ಸಲ ಸೇರಿಸಲು ಬಿಡುವುದಿಲ್ಲ.

ಬೇಜಾರಿನ ಸಂಗತಿಗಳೂ ಇವೆ. ಫಾರಿನ್ ಕೀ ತಪಾಸಣೆ (ಒಂದು ಟೇಬಲ್ ಸೂಚಿಸುವ ಸಾಲು ಇನ್ನೊಂದರಲ್ಲಿ ನಿಜಕ್ಕೂ ಇದೆಯೇ ಅಂತ ನೋಡುವುದು) ಮೊದಲಿಗೆ ಆಫ್ ಇರುತ್ತದೆ, ಪ್ರತಿ ಕನೆಕ್ಷನ್‌ಗೂ ಆನ್ ಮಾಡಬೇಕು. ಮೊತ್ತದ ಕಾಲಮ್‌ಗೆ ಅಕ್ಷರ ತುಂಬಿದರೂ ಸುಮ್ನೆ ನುಂಗುತ್ತದೆ, 2021ರಲ್ಲಿ ಬಂದ ಸ್ಟ್ರಿಕ್ಟ್ ಟೇಬಲ್ ಬಳಸಿದರೆ ತಡೆಯುತ್ತದೆ. ದಶಮಾಂಶವನ್ನು ಕರಾರುವಾಕ್ಕಾಗಿ ಇಡುವ ಡೆಸಿಮಲ್ ಬಗೆ ಇಲ್ಲ, ಹಣವನ್ನು ಅತಿ ಚಿಕ್ಕ ನಾಣ್ಯದ ಲೆಕ್ಕದಲ್ಲಿ ಪೂರ್ಣಾಂಕವಾಗಿ ಇಡಿ. ಬ್ಯಾಕಪ್‌ಗೆ ಮುಖ್ಯ ಫೈಲ್ ಒಂದನ್ನೇ ಕಾಪಿ ಮಾಡಿದರೆ ವಾಲ್ ಫೈಲಿನಲ್ಲಿರುವ ಎಂಟ್ರಿಗಳು ತಪ್ಪಿಹೋಗುತ್ತವೆ, ಪೂರ್ತಿ ಪ್ರತಿ ತೆಗೆಯುವ ವ್ಯಾಕ್ಯೂಮ್ ಇಂಟು ಆದೇಶ ಬಳಸಿ.

ಒಂದೇ ಮಷೀನಿನ ಲೆಕ್ಕಕ್ಕೆ ಕಣ್ಣು ಮುಚ್ಚಿ ನಾಲ್ಕೂವರೆ ಸ್ಟಾರ್. ನಾಲ್ಕು ಜನ ನೆಟ್‌ವರ್ಕ್ ಫೋಲ್ಡರ್‌ನಲ್ಲಿಟ್ಟು ಒಟ್ಟಿಗೆ ಬಳಸುತ್ತೇವೆ ಅಂದರೆ ಬೇಡ. ಅಲ್ಲಿ ಫೈಲ್ ಲಾಕ್ ನಂಬೋಕಾಗಲ್ಲ, ವಾಲ್ ಅಂತೂ ನಡೆಯುವುದೇ ಇಲ್ಲ. ಸರ್ವರ್ ಇರುವ ಪೋಸ್ಟ್‌ಗ್ರೆಸ್ ಡೇಟಾಬೇಸ್ ಹಾಕಿಕೊಳ್ಳಿ.